ಕಾಂಗ್ ಕ್ಲಾಸಿಕ್: ಊಟಕ್ಕೆ ಗುರ್ ಎನ್ನುವ ನಾಯಿಗೆ ಕೊಡಬಹುದೇ?

ಕಾಂಗ್ ಎಂದರೆ ಒಳಗೆ ತಿನಿಸು ತುಂಬಿ ನಾಯಿಗೆ ಕೊಡುವ ರಬ್ಬರಿನ ಆಟಿಕೆ. ಕೊಡಬಹುದು, ಆದರೆ ಅಂಗಡಿಯಿಂದ ತಂದ ದಿನವೇ ನಡುಮನೆಯಲ್ಲಿ ಇಟ್ಟು ಅಲ್ಲ. ತಟ್ಟೆಯ ಊಟ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಮೊಸರನ್ನ ತುಂಬಿ ಫ್ರೀಜರಿನಲ್ಲಿಟ್ಟ ಕಾಂಗ್ ಬಹಳ ಹೊತ್ತು ಬರುತ್ತದೆ. ಬೇರೆ ನಾಯಿಗಳಿಗೆ ಇದೇ ಅದರ ಹೆಚ್ಚುಗಾರಿಕೆ. ತನ್ನ ಪಾಲನ್ನು ಯಾರು ಕಸಿಯುತ್ತಾರೋ ಎಂದು ಹೆದರುವ ನಾಯಿಗೆ ಮಾತ್ರ ಅಷ್ಟು ಹೊತ್ತೂ ಕಾವಲೇ.

ವಸ್ತು ಚೆನ್ನಾಗಿದೆ. ಮೂರು ಉಬ್ಬಿನ, ಒಳಗೆ ಟೊಳ್ಳಾದ ನೈಸರ್ಗಿಕ ರಬ್ಬರು. ಕೆಂಪು ಸಾಮಾನ್ಯ ಬಳಕೆಗೆ, ಕಪ್ಪು ಜೋರಾಗಿ ಅಗಿಯುವವಕ್ಕೆ. 13ರಿಂದ 30 ಕೆ.ಜಿ. ತೂಗುವ ನಾಯಿಗೆ ಲಾರ್ಜ್ ಸರಿ. ಅನುಮಾನವಿದ್ದರೆ ಒಂದು ಸೈಜು ದೊಡ್ಡದೇ ಇರಲಿ. ಕಾವಲು ಕಾಯುವ ನಾಯಿ, ಯಾರಾದರೂ ಹತ್ತಿರ ಬಂದರೆ ಬಾಯಲ್ಲಿದ್ದುದನ್ನು ನುಂಗಿಬಿಡುವುದುಂಟು. ಒಂದೇ ತೂತಿನ ನಕಲು ಮಾಲು ಬೇಡವೇ ಬೇಡ. ಒಳಗೆ ಗಾಳಿಯಾಡದೆ ನಾಲಗೆ ಸಿಕ್ಕಿಕೊಳ್ಳಬಹುದು. ತುಂಬುವ ಅನ್ನಕ್ಕೆ ಉಪ್ಪು, ಒಗ್ಗರಣೆ ಹಾಕಬೇಡಿ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಕ್ಸೈಲಿಟಾಲ್ (ಸಕ್ಕರೆಯ ಬದಲು ಹಾಕುವ ಸಿಹಿ) ಇರುವ ಪೀನಟ್ ಬಟರ್ ನಾಯಿಗೆ ವಿಷ.

ಇನ್ನು, ಯಾರಾದರೂ ಹತ್ತಿರ ಬಂದರೂ ಹೆದರದೆ ತಿನ್ನಲು ಕಲಿಸುವುದು. ಜನ ಓಡಾಡದ ಕೋಣೆಯಲ್ಲಿ, ಬೇಬಿ ಗೇಟಿನ (ಬಾಗಿಲಿಗೆ ಅಡ್ಡ ಹಾಕುವ ಗಿಡ್ಡ ಗೇಟು) ಆಚೆ ಕೊಡಿ. ಶುರುವಿನಲ್ಲಿ ದಿನದ ಒಣ ಆಹಾರದಲ್ಲೇ ಒಂದು ಹಿಡಿ ಸಾಕು. ಒಳಗಿನದು ಸಪ್ಪೆಯಾದಷ್ಟೂ ಹಟ ಕಡಿಮೆ. ನೀವು ಕಂಡರೂ ನಾಯಿ ನಿರಾಳವಾಗಿ ತಿನ್ನುವಷ್ಟು ದೂರದಲ್ಲಿ, ಹತ್ತು ಹನ್ನೆರಡು ಅಡಿ ಇರಬಹುದು, ಹಾದುಹೋಗುತ್ತ ಕಡಲೆಬೀಜದಷ್ಟು ಬೇಯಿಸಿದ ಕೋಳಿ ಎಸೆದು, ನಿಲ್ಲದೆ ಹೊರಟುಬಿಡಿ. ಹೊರಟುಹೋಗುವುದೂ ಪಾಠವೇ. ಒಂದು ಹೊತ್ತಿಗೆ ಐದಾರು ಬಾರಿ ಸಾಕು. ನಿಮ್ಮನ್ನು ಕಂಡೊಡನೆ ತಲೆಯೆತ್ತಿ ಕೋಳಿಗಾಗಿ ಎದುರುನೋಡತೊಡಗಿದ ಮೇಲಷ್ಟೇ ಒಂದು ಹೆಜ್ಜೆ ಹತ್ತಿರ.

ಮೈ ಬಿಗಿಯಿತೇ, ಗಬಗಬ ತಿನ್ನತೊಡಗಿತೇ, ತಲೆ ತಗ್ಗಿಸಿದಂತೆಯೇ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡಿತೇ? ಅವಸರವಾಯಿತು, ಹಿಂದೆ ಸರಿಯಿರಿ. ಗುರ್ ಎಂದದ್ದಕ್ಕೆ ಗದರಬೇಡಿ, ಹೊಡೆಯಲೇಬೇಡಿ. ಹೆದರಿಕೆ ಹಾಗೇ ಉಳಿದು ಎಚ್ಚರಿಕೆಯ ಸದ್ದು ಮಾತ್ರ ಹೋಗುತ್ತದೆ. ಮುಂದೆ ಸದ್ದಿಲ್ಲದೆ ಕಚ್ಚುವ ನಾಯಿ ತಯಾರಾಗುವುದು ಹೀಗೆಯೇ. ಊಟದ ನಡುವೆ ಕೈಹಾಕಿ “ಅಭ್ಯಾಸ ಮಾಡಿಸುವ” ಹಳೆಯ ಸಲಹೆಯೂ ಆ ಹೆದರಿಕೆಯನ್ನು ನಿಜ ಮಾಡಿ ತೋರಿಸುತ್ತದೆ, ಅಷ್ಟೇ.

ಖಾಲಿ ಕಾಂಗನ್ನು ಬಾಯಿಂದ ಕಿತ್ತುಕೊಳ್ಳಬೇಡಿ. ಪಕ್ಕದ ಕೋಣೆಗೆ ನಾಲ್ಕು ತುಣುಕು ಎಸೆದು, ನಾಯಿ ಅತ್ತ ಹೋದ ಮೇಲೆ ಗೇಟು ಹಾಕಿ ಎತ್ತಿಕೊಳ್ಳಿ. ಆಗಾಗ ಇನ್ನೂ ರುಚಿಯಾದದ್ದು ತುಂಬಿ ವಾಪಸು ಕೊಡಿ. ಇದಕ್ಕೆ ಎರಡು ಕಾಂಗ್ ಇದ್ದರೆ ಅನುಕೂಲ. ಒಂದನ್ನು ಮೊದಲೇ ತುಂಬಿಟ್ಟಿರಬಹುದು.

ದೂರದಿಂದಲೇ ಗುರುಗುಟ್ಟಿ ಸುಮ್ಮನಾಗುವ ನಾಯಿಗಾದರೆ ಈ ದುಡ್ಡು ದಂಡವಲ್ಲ. ಮನೆಯಲ್ಲಿ ಇನ್ನೊಂದು ನಾಯಿಯಿದ್ದರೆ ಬೇರೆ ಬೇರೆ ಬಾಗಿಲ ಹಿಂದೆ ಕೊಡಿ. ಮಕ್ಕಳ ಕೈಯಲ್ಲಿ ಈ ಅಭ್ಯಾಸ ಖಂಡಿತ ಮಾಡಿಸಬೇಡಿ. ಈಗಾಗಲೇ ಕಚ್ಚಿದ್ದರೆ ಕಾಂಗ್ ಎತ್ತಿಟ್ಟು, ಹೊಡೆಯದೆ ಕಲಿಸುವ ತರಬೇತುದಾರರನ್ನು ಕರೆಸಿ. ವಯಸ್ಸಿಗೆ ಬಂದ ನಾಯಿಯೊಂದು ಇದ್ದಕ್ಕಿದ್ದಂತೆ ಹೀಗೆ ಶುರುಮಾಡಿದರೆ ಮೊದಲು ಪಶುವೈದ್ಯರಿಗೆ ತೋರಿಸಿ: ಹಲ್ಲುನೋವು, ಕೀಲುನೋವು ಕಾರಣವಾಗಿರಬಹುದು.