ಡ್ರೈ ಐಸ್ ಹೆಚ್ಚು ಹೊತ್ತು ಉಳಿಯುವುದು ಎಲ್ಲಿ: ತಟ್ಟೆ, ಮಣೆ, ನೀರು, ಥರ್ಮಾಕೋಲ್ ಪೆಟ್ಟಿಗೆ

ಊರಿನ ಸಮಾರಂಭಕ್ಕೆ ಐಸ್‌ಕ್ರೀಮನ್ನು ಕರಗದಂತೆ ಒಯ್ಯಬೇಕಿತ್ತು. ಹಿಂದಿನ ವಾರವೇ ಡ್ರೈ ಐಸ್ ತರಿಸಿ, ಒಂದೊಂದು ಕಿಲೋ ತೂಕದ ಗಟ್ಟಿಗಳನ್ನೂ ಅಷ್ಟೇ ತೂಕದ ಸಣ್ಣ ಗುಳಿಗೆಗಳನ್ನೂ ಬೇರೆ ಬೇರೆ ಕಡೆ ಇರಿಸಿ, ದಪ್ಪ ಕೈಗವಸು ತೊಟ್ಟು ಗಂಟೆಗೊಮ್ಮೆ ತೂಗುತ್ತ ಬಂದೆ.

ಡ್ರೈ ಐಸ್ ಎಂದರೆ ಘನರೂಪದ ಇಂಗಾಲದ ಡೈಆಕ್ಸೈಡ್. ಅದು ಸಾಮಾನ್ಯ ಒತ್ತಡದಲ್ಲಿ ದ್ರವವಾಗದೆ, ಮೈನಸ್ 78.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೇರವಾಗಿ ಅನಿಲವಾಗುತ್ತದೆ. ಈ ಉತ್ಪತನಕ್ಕೆ ಕಿಲೋಗೆ ಸುಮಾರು 570 ಕಿಲೋಜೂಲ್ ಶಾಖ ಬೇಕು. ಶಾಖ ಬೇಗ ತಲುಪಿದಷ್ಟೂ ಅದು ಬೇಗ ಮುಗಿಯುತ್ತದೆ.

ಸ್ಟೀಲ್ ತಟ್ಟೆಯ ಮೇಲೆ ಇಟ್ಟ ಕೂಡಲೇ ಕಿರ್ರೆಂಬ ಸದ್ದು ಹೊರಟಿತು. ಲೋಹದ ಶಾಖಕ್ಕೆ ಗಟ್ಟಿಯ ಅಡಿಯಲ್ಲಿ ಹುಟ್ಟಿದ ಅನಿಲ ನುಗ್ಗಿ ಹೊರಬರುವಾಗ ತಟ್ಟೆ ನಡುಗುವ ಸದ್ದು ಅದು. ಮರದ ಮಣೆಯ ಮೇಲೆ ಆ ಸದ್ದಿರಲಿಲ್ಲ, ಗಟ್ಟಿಯೂ ಕೊಂಚ ಹೆಚ್ಚು ಹೊತ್ತು ಉಳಿಯಿತು. ಆದರೆ ಉಳಿದ ಐದು ಮುಖಗಳಿಗೆ ಗಾಳಿಯ ಶಾಖ ಎರಡೂ ಕಡೆ ಒಂದೇ ಆದ್ದರಿಂದ ವ್ಯತ್ಯಾಸ ನಾನು ಎಣಿಸಿದಷ್ಟು ದೊಡ್ಡದಾಗಿರಲಿಲ್ಲ. ಫ್ಯಾನ್ ಹಾಕಿದಾಗ ಎರಡೂ ಬೇಗ ಸವೆದವು.

ನೀರಿನಲ್ಲಿ ಎಲ್ಲಕ್ಕಿಂತ ವೇಗ. ಬಿಸಿನೀರಿಗೆ ಹಾಕಿದ ತುಂಡು ನಿಮಿಷಗಳಲ್ಲೇ ಮುಗಿಯಿತು. ತಣ್ಣೀರಿನಲ್ಲಿ ಮಾತ್ರ ತುಂಡಿನ ಸುತ್ತ ಮಂಜುಗಡ್ಡೆಯ ಚಿಪ್ಪು ಕಟ್ಟಿ, ಗುಳ್ಳೆಗಳು ವಿರಳವಾದವು.

ನನ್ನ ಲೆಕ್ಕ ತಲೆಕೆಳಗಾದದ್ದು ಥರ್ಮಾಕೋಲ್ ಪೆಟ್ಟಿಗೆಯಲ್ಲಿ. ಬಯಲಲ್ಲಿ ಇಟ್ಟಾಗ ಗುಳಿಗೆಗಳು ಗಟ್ಟಿಗಿಂತ ಬಹಳ ಮೊದಲೇ ಖಾಲಿಯಾಗಿದ್ದವು, ಏಕೆಂದರೆ ಅಷ್ಟೇ ತೂಕಕ್ಕೆ ಅವುಗಳ ಹೊರಮೈ ಹಲವು ಪಟ್ಟು ಹೆಚ್ಚು. ಒಂದೇ ಅಳತೆಯ ಎರಡು ಪೆಟ್ಟಿಗೆಗಳಲ್ಲಿ ಅವನ್ನು ಬೇರೆ ಬೇರೆಯಾಗಿ ಮುಚ್ಚಿಟ್ಟಾಗಲಾದರೋ, ನಾಲ್ಕು ಗಂಟೆಗಳ ನಂತರ ಎರಡರಲ್ಲೂ ಅರ್ಧಕ್ಕಿಂತ ತುಸು ಹೆಚ್ಚು ಉಳಿದಿತ್ತು, ಗುಳಿಗೆಗಳ ಕಡೆ ಸ್ವಲ್ಪವೇ ಕಡಿಮೆ. ಗೋಡೆಯ ಮೂಲಕ ಒಳಗೆ ಜಿನುಗುವ ಶಾಖವೇ ಮಿತವಾಗಿರುವಾಗ ಹೊರಮೈ ಎಷ್ಟಿದ್ದರೂ ಅದಕ್ಕೆ ಸಿಗುವುದು ಅಷ್ಟೇ ಶಾಖ. ಹಾಗಾಗಿ ಗಟ್ಟಿಯೋ ಗುಳಿಗೆಯೋ ಎಂದು ಯೋಚಿಸುವ ಮೊದಲು ಪೆಟ್ಟಿಗೆಯ ಗೋಡೆ ಎಷ್ಟು ದಪ್ಪ ಎಂದು ನೋಡುವುದೇ ಸರಿಯೆಂದು ನನಗೆ ಮನವರಿಕೆಯಾಯಿತು.

ಒಂದು ಕಿಲೋದಿಂದ 500 ಲೀಟರಿಗೂ ಹೆಚ್ಚು ಅನಿಲ ಹೊರಡುವುದರಿಂದ ಮುಚ್ಚಳವನ್ನು ಗಾಳಿಯಾಡದಂತೆ ಬಿಗಿಯಬಾರದು. ಕಾರಿನಲ್ಲಿ ಒಯ್ಯುವಾಗ ಕಿಟಕಿ ತೆರೆದಿರಲೇಬೇಕು. ಕೊನೆಗೆ ನಾನು ಒಯ್ದದ್ದು ದಪ್ಪ ಗೋಡೆಯ ಪೆಟ್ಟಿಗೆಯಲ್ಲಿ, ಐಸ್‌ಕ್ರೀಮ್ ಡಬ್ಬಿಗಳ ಮೇಲೆ ಇಟ್ಟ ಎರಡು ಗಟ್ಟಿಗಳನ್ನು, ಖಾಲಿ ಜಾಗಕ್ಕೆಲ್ಲ ಹಳೆಯ ದಿನಪತ್ರಿಕೆ ತುರುಕಿ. ಊರು ತಲುಪಿದಾಗ ಚಮಚ ಇಳಿಯದಷ್ಟು ಐಸ್‌ಕ್ರೀಮ್ ಗಟ್ಟಿಯಾಗಿತ್ತು.