ಕಾರ್ಡ್ ಕೆಟ್ಟರೆ ಕೆಟ್ಟಿದೆ ಅಂತಲೇ ಬರೆಯುವ ಲ್ಯಾಬ್

ಗಾಂಧಿ ಬಜಾರಿನ ಹತ್ತಿರದ ಅಡ್ಡರಸ್ತೆಯೊಂದರಲ್ಲಿ, ಮೊದಲ ಮಹಡಿಯಲ್ಲಿರುವ ಚಿಕ್ಕ ರಕ್ತಪರೀಕ್ಷೆ ಲ್ಯಾಬ್ ಇದು. ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೇನೆ, ಯಾಕೆ ಅಂತ ಹೇಳುತ್ತೇನೆ.

ಮಳೆ ಶುರುವಾದ ಮೇಲೆ ನಮ್ಮ ಬೀದಿಯಲ್ಲಿ ಮನೆಮನೆಗೂ ಜ್ವರ. ಅಪ್ಪನಿಗೂ ಬಂತು. ಕಣ್ಣಿನ ಹಿಂದೆ ನೋವು, ಮೈಯೆಲ್ಲ ನೋವು. ಡಾಕ್ಟರ್ ಡೆಂಗ್ಯೂ ಟೆಸ್ಟ್ ಬರೆದುಕೊಟ್ಟರು. ಮೊದಲು ಮನೆ ಹತ್ತಿರದ ಬೇರೆ ಕಡೆ ಮಾಡಿಸಿದೆವು. ಬೇಗ ರಿಪೋರ್ಟ್ ಕೊಟ್ಟರು, ನೆಗೆಟಿವ್. ಟೆಸ್ಟ್ ಮಾಡಿದ ಕಾರ್ಡ್, ಅಂದರೆ ಗೆರೆ ಮೂಡಿ ಫಲಿತಾಂಶ ತೋರಿಸುವ ಚಿಕ್ಕ ಕಿಟ್, ತೋರಿಸಿ ಅಂದೆ. ಪಟ್ಟಿ ಪೂರ್ತಿ ಕೆಂಪಗೆ ಕಲೆಗಟ್ಟಿತ್ತು. ‘ಸಿ’ ಅಂತ ಬರೆದಿರುವ ಕಡೆಯೂ ಗೆರೆ ಇಲ್ಲ! ಕೊರೋನಾ ಕಾಲದಲ್ಲಿ ಮನೆಯಲ್ಲಿ ಕಿಟ್ ಬಳಸಿದವರಿಗೆಲ್ಲ ಗೊತ್ತು, ಸಿ ಗೆರೆ ಬರದಿದ್ದರೆ ಆ ಟೆಸ್ಟ್ ನಡೆದೇ ಇಲ್ಲ ಅಂತ ಅರ್ಥ. ಅದನ್ನು ನೆಗೆಟಿವ್ ಅಂತ ಬರೆದುಕೊಡೋದು ದೊಡ್ಡ ತಪ್ಪು. ಅಪ್ಪ ಸಂಧಿವಾತಕ್ಕೆ ದಿನಾ ನೋವಿನ ಮಾತ್ರೆ ನುಂಗುತ್ತಿದ್ದರು. ಡೆಂಗ್ಯೂ ಇದ್ದಾಗ ಅಂಥ ಮಾತ್ರೆಗಳಿಂದ ರಕ್ತಸ್ರಾವದ ಅಪಾಯ ಜಾಸ್ತಿ. ನನಗೆ ಈಗಲೂ ಸಿಟ್ಟು ಇಳಿದಿಲ್ಲ.

ಅಲ್ಲಿಂದ ನೇರ ಈ ಲ್ಯಾಬಿಗೆ ಬಂದೆವು. ಇಲ್ಲಿನ ಟೆಕ್ನೀಷಿಯನ್ ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ರಕ್ತ ತೆಗೆದು ಟ್ಯೂಬನ್ನು ಅರ್ಧ ಗಂಟೆ ಸುಮ್ನೆ ನಿಲ್ಲಿಸಿದರು. ಸರಿಯಾಗಿ ಹೆಪ್ಪುಗಟ್ಟುವ ಮೊದಲೇ ಯಂತ್ರದಲ್ಲಿ ತಿರುಗಿಸಿದರೆ ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನ್ ಎಳೆಗಳು ಸೀರಮ್‌ನಲ್ಲಿ (ಮೇಲೆ ಉಳಿಯುವ ತಿಳಿ ದ್ರವದಲ್ಲಿ) ಉಳಿದು, ಕಾರ್ಡಿನ ಪಟ್ಟಿಯಲ್ಲಿ ಸಿಕ್ಕಿಕೊಂಡು, ದ್ರವ ಮುಂದೆ ಹರಿಯೋದಿಲ್ಲವಂತೆ. ತಿರುಗಿಸಿದ ಮೇಲೆ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದರು. ಒಣಹುಲ್ಲಿನ ಹಳದಿ ಬಣ್ಣ ಇರಬೇಕಾದ ಸೀರಮ್ ಗುಲಾಬಿಯಾಗಿತ್ತು. ಅಪ್ಪನ ನರ ಸಣ್ಣದು, ಎಳೆಯುವಾಗ ರಕ್ತಕಣಗಳು ಒಡೆದಿದ್ದವು. ಆದರೂ ಒಂದು ಕಾರ್ಡ್ ಹಾಕಿದರು. ಪಟ್ಟಿ ಕೆಂಪಾಯಿತು, ಸಿ ಗೆರೆ ಕಾಣಲೇ ಇಲ್ಲ. ನನ್ನೆದುರಿಗೇ ರಿಜಿಸ್ಟರಿನಲ್ಲಿ ‘ಇನ್‌ವ್ಯಾಲಿಡ್’, ಅಂದರೆ ಲೆಕ್ಕಕ್ಕಿಲ್ಲ, ಅಂತ ಬರೆದರು. ಇನ್ನೊಂದು ಕೈಯಿಂದ ನಿಧಾನವಾಗಿ ಮತ್ತೆ ರಕ್ತ ತೆಗೆದರು. ಅದಕ್ಕೆ ಒಂದು ರೂಪಾಯಿ ಜಾಸ್ತಿ ಕೇಳಲಿಲ್ಲ.

ಈ ಸಲ ಸೀರಮ್ ತಿಳಿಯಾಗಿತ್ತು. ಹೊಸ ಕಾರ್ಡಿನ ಫಾಯಿಲ್ ನಮ್ಮೆದುರಿಗೇ ಒಡೆದು, ಎಕ್ಸ್‌ಪೈರಿ ತೋರಿಸಿ, ಟೈಮರ್ ಇಟ್ಟರು. ಹೊತ್ತು ಮೀರಿದ ಮೇಲೆ ಓದಬಾರದು, ಕಾರ್ಡ್ ಒಣಗುವಾಗ ಹುಸಿ ಗೆರೆ ಮೂಡಬಹುದು ಅಂದರು. ಸಿ ಗೆರೆ ಗಟ್ಟಿಯಾಗಿ ಬಂತು, ಎನ್‌ಎಸ್‌1 (ಡೆಂಗ್ಯೂ ವೈರಸ್ಸಿನ ಪ್ರೋಟೀನ್) ಜಾಗದಲ್ಲಿ ಒಂದು ತೆಳು ಗೆರೆ. ಸಂಧಿವಾತ ಇರುವ ಹಲವರ ರಕ್ತದಲ್ಲಿರುವ ರುಮಟಾಯ್ಡ್ ಫ್ಯಾಕ್ಟರ್ ಅನ್ನೋ ಪ್ರತಿಕಾಯ ಇಂಥ ಟೆಸ್ಟುಗಳಿಗೆ ಅಡ್ಡ ಬರಬಹುದು, ಅದರಲ್ಲೂ ಐಜಿಎಂ (ಸೋಂಕಿಗೆ ದೇಹ ಮಾಡಿಕೊಳ್ಳುವ ಪ್ರತಿಕಾಯ) ಗೆರೆ ಸುಳ್ಳು ಹೇಳಬಹುದು, ಕಾರ್ಡೊಂದನ್ನೇ ನಂಬಬೇಡಿ ಅಂತ ಎಲೈಸಾ ಅನ್ನೋ ಇನ್ನೂ ನಿಖರವಾದ ಲ್ಯಾಬ್ ಟೆಸ್ಟಿಗೂ ಹಾಕಿದರು. ಮರುದಿನ ಅದರಲ್ಲೂ ಎನ್‌ಎಸ್‌1 ಪಾಸಿಟಿವ್. ಡಾಕ್ಟರ್ ತಕ್ಷಣ ನೋವಿನ ಮಾತ್ರೆ ನಿಲ್ಲಿಸಿ ಪ್ಯಾರಸಿಟಮಾಲ್ ಮಾತ್ರ ಕೊಟ್ಟರು, ಪ್ಲೇಟ್ಲೆಟ್ ಮೇಲೆ ಕಣ್ಣಿಟ್ಟರು. ಅಪ್ಪ ಈಗ ಆರಾಮಾಗಿದ್ದಾರೆ.

ದರದ ವಿಷಯ. 2024ರಲ್ಲಿ ರಾಜ್ಯ ಸರ್ಕಾರ ಕಾರ್ಡ್ ಟೆಸ್ಟಿಗೆ 250 ರೂಪಾಯಿ, ಎನ್‌ಎಸ್‌1 ಎಲೈಸಾಗೆ 300 ರೂಪಾಯಿ ಮಿತಿ ಹಾಕಿತ್ತಲ್ವಾ, ಇವರು ಅಷ್ಟನ್ನೇ ತಗೊಂಡರು. ಬೇರೆ ಕಡೆ ಜಾಸ್ತಿ ಕೇಳಿದರೆ ಈ ಆದೇಶದ ಬಗ್ಗೆ ಧೈರ್ಯವಾಗಿ ಕೇಳಿ.

ಕೊರತೆ ಇಲ್ಲ ಅಂತಲ್ಲ. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದಾಗಿದೆ, ಕೂರಲು ಎರಡೇ ಬೆಂಚು. ಜ್ವರದಲ್ಲಿರುವ ವಯಸ್ಸಾದವರಿಗೆ ಕಷ್ಟ. ಮೊದಲೇ ಫೋನ್ ಮಾಡಿದರೆ ಮನೆಗೇ ಬಂದು ರಕ್ತ ತಗೊಂಡು ಹೋಗುತ್ತಾರೆ. ಜ್ವರ ಯಾವತ್ತು ಶುರುವಾಯಿತು, ಏನೇನು ಮಾತ್ರೆ ನಡೀತಿದೆ, ಎರಡನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಇವರು ಕೇಳೇ ಕೇಳುತ್ತಾರೆ.