ಒಂದೇ ವರದಿ, ಹಲವು ವರ್ಷನ್: ಜೆ.ಡಿ. ಎಡ್ವರ್ಡ್ಸ್ ಎಂಟರ್‌ಪ್ರೈಸ್‌ಒನ್‌ನ ಬ್ಯಾಚ್ ವರ್ಷನ್ ವ್ಯವಸ್ಥೆಯ ವಿಮರ್ಶೆ

ಬಾಕಿ ವಸೂಲಿಯ ವರದಿ ಒಂದೇ ಆಗಿದ್ದರೂ ಅದನ್ನು ಕೇಳುವವರು ಹಲವರು. ಒಬ್ಬರಿಗೆ ಮೂವತ್ತು ದಿನ ಮೀರಿದ ಬಾಕಿ ಮಾತ್ರ ಬೇಕು, ಇನ್ನೊಬ್ಬರಿಗೆ ತಮ್ಮ ಶಾಖೆಯ ಲೆಕ್ಕವಷ್ಟೇ ಸಾಕು, ಮತ್ತೊಬ್ಬರಿಗೆ ಗ್ರಾಹಕರ ಹೆಸರಿನ ಬದಲು ಪ್ರದೇಶದ ಪ್ರಕಾರ ಜೋಡಿಸಿ ಕೊಡಬೇಕು. ಪ್ರತಿಯೊಬ್ಬರಿಗೂ ಬೇರೆ ಪ್ರೋಗ್ರಾಮ್ ಬರೆಯುತ್ತ ಕುಳಿತರೆ ಆ ಕೆಲಸಕ್ಕೆ ಕೊನೆಯೆಂಬುದೇ ಇರುವುದಿಲ್ಲ. ಈ ತೊಡಕಿಗೆ, ಕಂಪನಿಗಳ ಲೆಕ್ಕಪತ್ರ, ಮಾರಾಟ ಮುಂತಾದ ವ್ಯವಹಾರಗಳನ್ನು ನೋಡಿಕೊಳ್ಳುವ ಒರಾಕಲ್ ಸಂಸ್ಥೆಯ ಜೆ.ಡಿ. ಎಡ್ವರ್ಡ್ಸ್ ಎಂಟರ್‌ಪ್ರೈಸ್‌ಒನ್ ತಂತ್ರಾಂಶ ಕೊಡುವ ಉತ್ತರವೇ ‘ವರ್ಷನ್’, ಅಂದರೆ ಒಂದೇ ವರದಿಗೆ ಬೇರೆ ಬೇರೆ ಹೆಸರಿನಲ್ಲಿ ಉಳಿಸಿಟ್ಟ ಆಯ್ಕೆಗಳ ಕಟ್ಟು. ಹಲವು ವರ್ಷಗಳಿಂದ ಈ ವ್ಯವಸ್ಥೆಯನ್ನು ದಿನನಿತ್ಯ ಬಳಸುತ್ತ ಬಂದಿರುವ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಇಡೀ ತಂತ್ರಾಂಶದಲ್ಲಿ ಇಷ್ಟು ಚೆನ್ನಾಗಿ ಯೋಚಿಸಿ ರೂಪಿಸಿದ ಭಾಗ ಇನ್ನೊಂದಿಲ್ಲ; ಆದರೆ ಒಂದು ವರ್ಷನ್ ಏನು ಮಾಡುತ್ತದೆ ಎಂಬುದನ್ನು ಕರಾರುವಾಕ್ಕಾಗಿ ನೆನಪಿಡುವ ಇದೇ ವ್ಯವಸ್ಥೆ, ಅದನ್ನು ಯಾತಕ್ಕಾಗಿ ಹಾಗೆ ಮಾಡಿಟ್ಟರು ಎಂಬುದನ್ನು ಮಾತ್ರ ಎಲ್ಲಿಯೂ ಕೇಳುವುದಿಲ್ಲ.

ಪದದ ಬಗ್ಗೆ ಒಂದು ಮಾತು. ವರ್ಷನ್ ಎಂದ ಕೂಡಲೇ ನಾವು ‘ಆವೃತ್ತಿ’ ಎಂದು ಅರ್ಥ ಮಾಡಿಕೊಳ್ಳುತ್ತೇವೆ, ಹಳೆಯದೊಂದು, ತಿದ್ದಿದ ಹೊಸದೊಂದು ಎಂಬ ಚಿತ್ರ ಮನಸ್ಸಿಗೆ ಬರುತ್ತದೆ. ಇಲ್ಲಿ ಹಾಗಲ್ಲ. ಒಂದು ವರದಿಯ ಐವತ್ತು ವರ್ಷನ್‌ಗಳು ಏಕಕಾಲಕ್ಕೆ ಜೀವಂತವಾಗಿರುತ್ತವೆ, ಯಾವುದೂ ಇನ್ನೊಂದನ್ನು ಹಿಂದಿಕ್ಕಿ ಬಂದದ್ದಲ್ಲ. ಇದನ್ನು ಪಾಠಾಂತರ ಎಂದರೆ ಹೆಚ್ಚು ಹೊಂದುತ್ತದೆ. ಮೂಲ ಕಾವ್ಯ ಒಂದೇ, ಓದಿಕೊಂಡ ಬಗೆ ಬೇರೆ ಬೇರೆ. ಹೊಸಬರಿಗೆ ಕಲಿಸುವಾಗ ನಾನು ಈ ಹೋಲಿಕೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ‘ಆವೃತ್ತಿ’ ಎಂದು ತಿಳಿದವರು ದೊಡ್ಡ ಸಂಖ್ಯೆಯ ವರ್ಷನ್ ಹೊಸದಿರಬೇಕೆಂದು ಅದನ್ನೇ ಚಲಾಯಿಸಿದ ಉದಾಹರಣೆಗಳು ಉಂಟು.

ಈ ಕಲ್ಪನೆ ತಂತ್ರಾಂಶದ ಈಗಿನ ರೂಪಕ್ಕಿಂತ ಹಳೆಯದು. ಜೆ.ಡಿ. ಎಡ್ವರ್ಡ್ಸ್ ಸಂಸ್ಥೆ 1977ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಆರಂಭವಾಯಿತು. ಐಬಿಎಂನ ಎಎಸ್/400 ಯಂತ್ರಗಳ ಮೇಲೆ ಓಡುತ್ತಿದ್ದ ಅದರ ‘ವರ್ಲ್ಡ್’ ತಂತ್ರಾಂಶದಲ್ಲಿ ಡ್ರೀಮ್ ರೈಟರ್ ಎಂಬ ಸಾಧನವಿತ್ತು, ವರ್ಷನ್‌ಗಳ ಪದ್ಧತಿ ಅಲ್ಲಿಯೇ ಬೇರೂರಿತ್ತು. ಕಂಪನಿ 2003ರಲ್ಲಿ ಪೀಪಲ್‌ಸಾಫ್ಟ್‌ನ, ಅನಂತರ 2005ರಲ್ಲಿ ಒರಾಕಲ್‌ನ ಕೈಗೆ ಹೋಯಿತು. ಹಸಿರು ಅಕ್ಷರದ ಪರದೆ ಹೋಗಿ ಬ್ರೌಸರ್ ಬಂದರೂ ಎಕ್ಸ್‌ಜೆಡಿಇ, ಝಡ್‌ಜೆಡಿಇ ಎಂಬ ವರ್ಷನ್ ಹೆಸರುಗಳು ಹಾಗೆಯೇ ಉಳಿದುಕೊಂಡಿವೆ.

ಬಳಕೆಗೆ ಬರೋಣ. ಫಾಸ್ಟ್ ಪಾತ್ ಪೆಟ್ಟಿಗೆಯಲ್ಲಿ ‘ಬಿವಿ’ ಎಂಬ ಎರಡಕ್ಷರ ಒತ್ತಿದರೆ ಬ್ಯಾಚ್ ವರ್ಷನ್ಸ್ ಪರದೆ ತೆರೆಯುತ್ತದೆ (ಬ್ಯಾಚ್ ಎಂದರೆ ಸರ್ವರ್ ಮೇಲೆ ಹಿನ್ನೆಲೆಯಲ್ಲಿ ಓಡುವ ಕೆಲಸ). ಇದರ ಪ್ರೋಗ್ರಾಮ್ ಸಂಖ್ಯೆ ಪಿ98305. ವರದಿಯ ಸಂಖ್ಯೆ ಕೊಟ್ಟು ಹುಡುಕಿದರೆ ಅದರ ವರ್ಷನ್‌ಗಳೆಲ್ಲ ಸಾಲಾಗಿ ಬರುತ್ತವೆ. ಒಂದು ಸಾಲನ್ನು ಆರಿಸಿಕೊಂಡರೆ ಅದರ ಮೂರು ಮುಖಗಳನ್ನು ತಿದ್ದಬಹುದು. ಯಾವ ದಾಖಲೆಗಳನ್ನು ಎತ್ತಿಕೊಳ್ಳಬೇಕು ಎಂಬುದನ್ನು ಡೇಟಾ ಸೆಲೆಕ್ಷನ್, ಯಾವ ಕ್ರಮದಲ್ಲಿ ಎಂಬುದನ್ನು ಡೇಟಾ ಸೀಕ್ವೆನ್ಸಿಂಗ್, ಎತ್ತಿಕೊಂಡ ಮೇಲೆ ಪ್ರೋಗ್ರಾಮ್ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಪ್ರೊಸೆಸಿಂಗ್ ಆಪ್ಷನ್‌ಗಳು ನಿರ್ಧರಿಸುತ್ತವೆ. ಪ್ರೋಗ್ರಾಮ್ ಬರೆಯುವವರ ನೆರವಿಲ್ಲದೆ ಲೆಕ್ಕಪತ್ರ ವಿಭಾಗದ ಒಬ್ಬರು ತಮಗೆ ಬೇಕಾದ ವರದಿಯನ್ನು ಹತ್ತು ನಿಮಿಷದಲ್ಲಿ ರೂಪಿಸಿಕೊಳ್ಳಬಹುದು ಎಂಬುದು ಇಂದಿಗೂ ನನಗೆ ಸಂತೋಷ ಕೊಡುವ ಸಂಗತಿ.

ಈ ಮೂರರಲ್ಲಿ ಹೆಚ್ಚು ಬಲವೂ ಹೆಚ್ಚು ಅಪಾಯವೂ ಇರುವುದು ಡೇಟಾ ಸೆಲೆಕ್ಷನ್‌ನಲ್ಲಿ. ಅದರ ಪರದೆ ಓದಲು ಸುಲಭ: ಎಡಗಡೆ ಒಂದು ಕಾಲಂ, ನಡುವೆ ಹೋಲಿಕೆಯ ಚಿಹ್ನೆ, ಬಲಗಡೆ ಬೆಲೆ (ದರವಲ್ಲ, ಹೋಲಿಸಬೇಕಾದ ಮೌಲ್ಯ), ಸಾಲುಗಳ ನಡುವೆ ‘ಆ್ಯಂಡ್’ ಅಥವಾ ‘ಆರ್’. ಆದರೆ ಅಲ್ಲಿ ಆವರಣ ಚಿಹ್ನೆಗಳಿಲ್ಲ, ‘ಆ್ಯಂಡ್’ ಯಾವಾಗಲೂ ‘ಆರ್’ಗಿಂತ ಮೊದಲು ಬೆಸೆದುಕೊಳ್ಳುತ್ತದೆ. ಕಂಪನಿ 00001 ಆಗಿರಬೇಕು, ಆ್ಯಂಡ್ ಸ್ಥಿತಿ (ಆರ್ಡರ್ ಯಾವ ಹಂತದಲ್ಲಿದೆ ಎಂದು ಹೇಳುವ ಸಂಖ್ಯೆ) 600 ಆಗಿರಬೇಕು, ಆರ್ ಸ್ಥಿತಿ 620 ಆಗಿರಬೇಕು ಎಂದು ಮೂರು ಸಾಲು ಬರೆದವನ ಮನಸ್ಸಿನಲ್ಲಿ ಇರುವುದು ಒಂದೇ ಕಂಪನಿಯ ಎರಡು ಸ್ಥಿತಿಗಳು. ವ್ಯವಸ್ಥೆಗೆ ಅರ್ಥವಾಗುವುದು ಮೊದಲ ಕಂಪನಿಯ 600 ಮತ್ತು ಎಲ್ಲ ಕಂಪನಿಗಳ 620. ನಾನೇ ಒಮ್ಮೆ ಮಾರಾಟದ ಲೆಕ್ಕವನ್ನು ಪಕ್ಕಾ ಮಾಡುವ ಆರ್42800 ವರದಿಯ ಒಂದು ವರ್ಷನ್ನಿಗೆ ಹೀಗೆ ಬರೆದು, ಖಾತೆಗಳನ್ನು ಮುಟ್ಟದೆ ಫಲಿತಾಂಶವನ್ನಷ್ಟೇ ತೋರಿಸುವ ಪ್ರೂಫ್ ರೀತಿಯಲ್ಲಿ ಪರೀಕ್ಷಿಸುವ ತಾಳ್ಮೆಯಿಲ್ಲದೆ ನೇರವಾಗಿ ಫೈನಲ್ ಎಂದು ಕೊಟ್ಟುಬಿಟ್ಟೆ. ಆ ಸಂಜೆ ನನಗೆ ಸಂಬಂಧವೇ ಇಲ್ಲದ ಕಂಪನಿಯ ಆರ್ಡರ್‌ಗಳು ಮುಗಿದವೆಂದು ಸೂಚಿಸುವ 999ನೆಯ ಸ್ಥಿತಿಗೆ ಹೋಗಿ ಕುಳಿತವು, ಅವುಗಳ ಲೆಕ್ಕ ಖಾತೆಗಳಿಗೆ ಸೇರಿತು, ಅದನ್ನು ಬಿಡಿಸಲು ಎರಡು ದಿನ ಹಿಡಿಯಿತು. ತಪ್ಪು ಪೂರ್ತಿಯಾಗಿ ನನ್ನದೇ. ಅಂದಿನಿಂದ ಎರಡು ಬೆಲೆಗಳಿದ್ದಲ್ಲಿ ನಾನು ‘ಆರ್’ ಬಳಸುವುದನ್ನೇ ಬಿಟ್ಟಿದ್ದೇನೆ. ಬೆಲೆಯನ್ನು ನಾವೇ ತುಂಬುವ ಲಿಟರಲ್ ಕಿಟಕಿಯಲ್ಲಿ ಬೆಲೆಗಳ ಪಟ್ಟಿ ಕೊಡುವ ಅವಕಾಶವಿದೆ, ಒಂದೇ ಸಾಲಿನಲ್ಲಿ 600 ಮತ್ತು 620 ಎರಡನ್ನೂ ಸೇರಿಸಿದರೆ ಈ ಗೊಂದಲಕ್ಕೆ ಎಡೆಯೇ ಇರುವುದಿಲ್ಲ.

ಇದೇ ಪರದೆಗೆ ಎರಡು ದಾರಿಗಳಿವೆ ಎಂಬುದನ್ನೂ ಗಮನಿಸಬೇಕು. ವರ್ಷನ್ ಸಾಲಿನ ಮೆನುವಿನಿಂದ ಹೋಗಿ ಆಯ್ಕೆಯನ್ನು ಬದಲಿಸಿದರೆ ಅದು ವರ್ಷನ್ನಿನಲ್ಲಿಯೇ ಉಳಿಯುತ್ತದೆ. ವರದಿಯನ್ನು ಚಲಾಯಿಸುವ ಹೊತ್ತಿನಲ್ಲಿ, ವರ್ಷನ್ ಪ್ರಾಂಪ್ಟಿಂಗ್ ಪರದೆಯಲ್ಲಿ ಡೇಟಾ ಸೆಲೆಕ್ಷನ್ ಎಂಬ ಪೆಟ್ಟಿಗೆಗೆ ಗುರುತು ಹಾಕಿ ಹೋದರೆ ಆ ಬದಲಾವಣೆ ಆ ಒಂದು ಓಟಕ್ಕೆ ಮಾತ್ರ ಸಲ್ಲುತ್ತದೆ. ವಿನ್ಯಾಸವಾಗಿ ಇದು ಬಹಳ ಒಳ್ಳೆಯದು, ಏಕೆಂದರೆ ಎಲ್ಲರೂ ಬಳಸುವ ವರ್ಷನ್ನನ್ನು ಕೆಡಿಸದೆ ಒಂದು ಶಾಖೆಯ ವರದಿಯನ್ನು ತೆಗೆದುಕೊಳ್ಳಬಹುದು. ಕೊರತೆಯೆಂದರೆ ಎರಡೂ ದಾರಿಗಳು ತಲುಪಿಸುವ ಪರದೆ ನೋಡಲು ಒಂದೇ ರೀತಿ ಇದೆ. ‘ಇದು ಈ ಬಾರಿಗೆ ಮಾತ್ರ’ ಎಂದು ಒಂದು ಸಾಲು ಅಲ್ಲಿ ಕಾಣಿಸಿದ್ದರೆ ಎಷ್ಟೋ ಜನ ಅನುಮಾನದಿಂದ ಮತ್ತೆ ಮತ್ತೆ ತೆರೆದು ನೋಡುವುದು ತಪ್ಪುತ್ತಿತ್ತು.

ಪ್ರೊಸೆಸಿಂಗ್ ಆಪ್ಷನ್‌ಗಳ ಬಗ್ಗೆ ನನ್ನ ಮೆಚ್ಚುಗೆಗೆ ಅಷ್ಟು ಶರತ್ತುಗಳಿಲ್ಲ. ಆರ್42800ರಂತಹ ದೊಡ್ಡ ವರದಿಯಲ್ಲಿ ಅವು ಹಲವು ಟ್ಯಾಬ್‌ಗಳ ತುಂಬ ಇರುತ್ತವೆ, ಆದರೂ ಪ್ರತಿಯೊಂದರ ಮುಂದೆ ಯಾವ ಬೆಲೆಗೆ ಏನಾಗುತ್ತದೆ ಎಂಬ ವಿವರಣೆ ಸಿಗುತ್ತದೆ. ಅನೇಕ ಹಣಕಾಸು ವರದಿಗಳಲ್ಲಿ ಅವಧಿ ಮತ್ತು ವರ್ಷವನ್ನು ಖಾಲಿ ಬಿಟ್ಟರೆ ಕಂಪನಿಯ ಚಾಲ್ತಿ ಅವಧಿಯನ್ನೇ ವರದಿ ತೆಗೆದುಕೊಳ್ಳುತ್ತದೆ, ಹೀಗಾಗಿ ಪ್ರತಿ ತಿಂಗಳೂ ವರ್ಷನ್ನನ್ನು ತಿದ್ದುವ ಕೆಲಸ ತಪ್ಪುತ್ತದೆ. ಡೇಟಾ ಸೆಲೆಕ್ಷನ್‌ನಲ್ಲಿಯೂ ಇಂದಿನ ದಿನಾಂಕವನ್ನು ಸೂಚಿಸುವ ಬೆಲೆಯೊಂದು ಲಭ್ಯವಿದೆ. ಆದರೆ ‘ಕಳೆದ ತಿಂಗಳ ಮೊದಲ ದಿನದಿಂದ ಕೊನೆಯ ದಿನದವರೆಗೆ’ ಎಂಬಂತಹ ಲೆಕ್ಕಾಚಾರದ ದಿನಾಂಕಗಳ ವಿಷಯದಲ್ಲಿ ಪ್ರತಿಸ್ಪರ್ಧಿಯಾದ ಎಸ್‌ಎಪಿ ಮುಂದಿದೆ ಎಂದು ಒಪ್ಪಿಕೊಳ್ಳಲೇಬೇಕು. ಅಲ್ಲಿ ಇದೇ ಕೆಲಸಕ್ಕಿರುವ ‘ವೇರಿಯಂಟ್’ ಎಂಬ ವ್ಯವಸ್ಥೆಯಲ್ಲಿ ದಿನಾಂಕವನ್ನು ಲೆಕ್ಕ ಹಾಕುವ ಸೂತ್ರಗಳು ಸಿದ್ಧವಾಗಿಯೇ ಇವೆ, ಬೆಲೆಗಳನ್ನು ಟಿವಿಎಆರ್‌ವಿಸಿ ಎಂಬ ಕೋಷ್ಟಕದಿಂದ ಎತ್ತಿಕೊಳ್ಳುವ ಸೌಲಭ್ಯವೂ ಇದೆ.

ಇನ್ನು ನಿರ್ವಹಣೆ. ತಂತ್ರಾಂಶದ ಜೊತೆಗೇ ಬರುವ ಎಕ್ಸ್‌ಜೆಡಿಇ ಹೆಸರಿನ ವರ್ಷನ್‌ಗಳನ್ನು ನೇರವಾಗಿ ತಿದ್ದಿಕೊಂಡು ಬಳಸಬಾರದು, ಹೊಸ ಬಿಡುಗಡೆ ಹಾಕುವಾಗ ಅವು ಮೂಲ ರೂಪಕ್ಕೆ ಮರಳಬಹುದು. ನಕಲು ಮಾಡಿ ಸ್ವಂತ ಹೆಸರು ಕೊಟ್ಟುಕೊಳ್ಳುವುದೇ ಸರಿಯಾದ ಕ್ರಮ. ನಕಲು ಮಾಡುವುದು ಎಷ್ಟು ಸುಲಭವೆಂದರೆ ಸಮಸ್ಯೆ ಹುಟ್ಟುವುದೇ ಅಲ್ಲಿಂದ. ವರ್ಷನ್ ಹೆಸರಿಗೆ ಸಿಗುವುದು ಹತ್ತು ಅಕ್ಷರಗಳ ಜಾಗ. ಒಬ್ಬರು ತಮ್ಮ ಹೆಸರಿನ ಮೊದಲಕ್ಷರಗಳನ್ನು ಇಡುತ್ತಾರೆ, ಇನ್ನೊಬ್ಬರು ಟೆಸ್ಟ್1 ಎಂದು ಇಡುತ್ತಾರೆ, ಮೂರನೆಯವರು ಟೆಸ್ಟ್1ನ್ನೇ ನಕಲು ಮಾಡಿ ಟೆಸ್ಟ್2 ಮಾಡಿ ಅದನ್ನೇ ತಿಂಗಳ ಕೊನೆಯ ಕೆಲಸಕ್ಕೆ ಹಚ್ಚುತ್ತಾರೆ. ಶೀರ್ಷಿಕೆಯೂ ನಕಲಿನ ಜೊತೆಗೇ ಬರುವುದರಿಂದ ಒಂದೇ ಶೀರ್ಷಿಕೆಯ ಎಂಟು ವರ್ಷನ್‌ಗಳು ಪಟ್ಟಿಯಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಎಂಟರಲ್ಲಿ ನಿಜವಾಗಿ ಬೇಕಾದದ್ದು ಯಾವುದು ಎಂದು ತಿಳಿಯಲು ಒಂದೊಂದನ್ನೂ ತೆರೆದು ಆಯ್ಕೆ ಮತ್ತು ಆಪ್ಷನ್‌ಗಳನ್ನು ಓದಬೇಕು. ಕೊನೆಯ ಬಾರಿ ಯಾವಾಗ ಚಲಾಯಿಸಲಾಯಿತು, ಯಾರು ತಿದ್ದಿದರು ಎಂಬ ಮಾಹಿತಿ ಇದೆ, ಹಳೆಯದನ್ನು ಗುಡಿಸಲು ಅದೊಂದೇ ಆಸರೆ. ಎರಡು ವರ್ಷನ್‌ಗಳನ್ನು ಅಕ್ಕಪಕ್ಕದಲ್ಲಿಟ್ಟು ವ್ಯತ್ಯಾಸ ತೋರಿಸುವ ಗುಂಡಿಯೊಂದು ಈ ಪರದೆಯಲ್ಲಿಯೇ ಇದ್ದಿದ್ದರೆ ನಾನು ಈ ಪರಿಚ್ಛೇದವನ್ನೇ ಬರೆಯುತ್ತಿರಲಿಲ್ಲ.

ಇನ್ನೊಂದು ಸೂಕ್ಷ್ಮ, ಇದು ಹೆಚ್ಚಾಗಿ ವರದಿ ವಿನ್ಯಾಸ ಮಾಡುವವರಿಗೆ ಸಂಬಂಧಿಸಿದ್ದು. ವರ್ಷನ್ ತನ್ನ ಮೂಲ ಟೆಂಪ್ಲೇಟಿನಿಂದ (ವರದಿಯ ಮೂಲ ಮಾದರಿಯಿಂದ) ವಿನ್ಯಾಸವನ್ನು ಬಳುವಳಿಯಾಗಿ ಪಡೆಯುತ್ತದೆ, ಆದ್ದರಿಂದ ಟೆಂಪ್ಲೇಟಿನಲ್ಲಿ ಒಂದು ಕಾಲಂ ಸೇರಿಸಿದರೆ ಎಲ್ಲ ವರ್ಷನ್‌ಗಳಲ್ಲಿಯೂ ಅದು ಕಾಣಿಸಿಕೊಳ್ಳುತ್ತದೆ. ಆದರೆ ಯಾರಾದರೂ ಒಂದು ವರ್ಷನ್ನಿನ ಮಟ್ಟದಲ್ಲಿ ವಿನ್ಯಾಸವನ್ನು ಓವರ್‌ರೈಡ್ ಮಾಡಿದ್ದರೆ ಆ ಭಾಗದ ನಂಟು ಅಲ್ಲಿಗೆ ಕಡಿದುಹೋಗುತ್ತದೆ. ಮುಂದೆ ಟೆಂಪ್ಲೇಟಿನಲ್ಲಿ ಮಾಡಿದ ತಿದ್ದುಪಡಿ ಈ ಒಂದು ವರ್ಷನ್ನಿಗೆ ಮುಟ್ಟುವುದೇ ಇಲ್ಲ. ಪಾಲು ತೆಗೆದುಕೊಂಡು ಬೇರೆ ಮನೆ ಮಾಡಿದ ಮಗನಿಗೆ ಹಿರಿಯ ಮನೆಯ ಹೊಸ ಏರ್ಪಾಡುಗಳು ತಿಳಿಯದಿರುವ ಹಾಗೆ. ವರ್ಷನ್‌ಗಳ ಪಟ್ಟಿಯ ಮೇಲೆ ಕಣ್ಣಾಡಿಸಿದರೆ ಇದು ಗೊತ್ತಾಗುವುದಿಲ್ಲ.

ಚಲಾಯಿಸುವ ಭಾಗ ಗಟ್ಟಿಯಾಗಿದೆ. ಸಬ್‌ಮಿಟ್ ಒತ್ತಿ, ಪ್ರಿಂಟರ್ ಆರಿಸಿ ಒಪ್ಪಿಗೆ ಕೊಟ್ಟರೆ ಕೆಲಸ ಸರ್ವರ್‌ಗೆ ಹೋಗುತ್ತದೆ, ಬಳಕೆದಾರ ಬೇರೆ ಪರದೆಗೆ ಹೋಗಬಹುದು. ಸಬ್‌ಮಿಟೆಡ್ ಜಾಬ್ಸ್ ಪರದೆಯಲ್ಲಿ ಅದರ ಸ್ಥಿತಿ ಒಂದಕ್ಷರದಲ್ಲಿ ತಿಳಿಯುತ್ತದೆ: ಕಾಯುತ್ತಿದ್ದರೆ ‘ಡಬ್ಲ್ಯೂ’, ನಡೆಯುತ್ತಿದ್ದರೆ ‘ಪಿ’, ಮುಗಿದಿದ್ದರೆ ‘ಡಿ’, ಎಡವಿದ್ದರೆ ‘ಇ’. ಇಲ್ಲೊಂದು ಎಚ್ಚರಿಕೆ ಅಗತ್ಯ. ‘ಡಿ’ ಎಂದರೆ ಪ್ರೋಗ್ರಾಮ್ ಕೊನೆಯವರೆಗೆ ಓಡಿತು ಎಂದು ಮಾತ್ರ ಅರ್ಥ, ವ್ಯವಹಾರದ ದೃಷ್ಟಿಯಿಂದ ಎಲ್ಲವೂ ಸರಿಯಾಯಿತು ಎಂದಲ್ಲ. ಸಾಮಾನ್ಯ ಖಾತೆಗೆ ಪೋಸ್ಟ್ ಮಾಡುವ ಆರ್09801 ವರದಿ ‘ಡಿ’ ತೋರಿಸಿಯೂ ಒಂದು ಬ್ಯಾಚನ್ನು (ಲೆಕ್ಕದ ನಮೂದುಗಳ ಕಟ್ಟನ್ನು) ದೋಷವೆಂದು ಬದಿಗಿಟ್ಟಿರಬಹುದು. ಪಿಡಿಎಫ್ ಮತ್ತು ತಂತ್ರಾಂಶದೊಳಗಿನ ಸಂದೇಶ ಪೆಟ್ಟಿಗೆಯಾದ ವರ್ಕ್ ಸೆಂಟರಿಗೆ ಬಂದ ಸಂದೇಶ ಎರಡನ್ನೂ ತೆರೆದು ನೋಡದವರು ತಿಂಗಳ ಕೊನೆಯಲ್ಲಿ ಇದನ್ನು ಕಷ್ಟಪಟ್ಟು ಕಲಿಯುತ್ತಾರೆ.

ಜಾಬ್ ಕ್ಯೂಗಳ ಬಗ್ಗೆಯೂ ಹೇಳಬೇಕು, ಏಕೆಂದರೆ ವರ್ಷನ್ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದು ಸೇರುವ ಸರತಿ ತಪ್ಪಾಗಿದ್ದರೆ ಫಲವಿಲ್ಲ. ಒಂದು ಕ್ಯೂನಲ್ಲಿ ಏಕಕಾಲಕ್ಕೆ ಎಷ್ಟು ಕೆಲಸಗಳು ನಡೆಯಬಹುದು ಎಂದು ನಿಗದಿ ಮಾಡಬಹುದು. ಪೋಸ್ಟಿಂಗ್‌ನಂತಹ ಕೆಲಸಗಳಿಗೆ ಒಂದೊಂದಾಗಿಯೇ ಬಿಡುವ ಪ್ರತ್ಯೇಕ ಕ್ಯೂ ಇಟ್ಟು, ಆ ಕ್ಯೂನ ಹೆಸರನ್ನು ವರ್ಷನ್ನಿನ ವಿವರದಲ್ಲಿಯೇ ಬರೆದುಬಿಡುವುದು ಜಾಣತನ. ಆಗ ಯಾರು ಚಲಾಯಿಸಿದರೂ ಅದು ಸರಿಯಾದ ಸಾಲಿನಲ್ಲಿಯೇ ನಿಲ್ಲುತ್ತದೆ. ಹೊತ್ತು ಗೊತ್ತು ಮಾಡಿ ಚಲಾಯಿಸಲು ಷೆಡ್ಯೂಲರ್ ಇದೆ. ಅದು ಗಡಿಯಾರವನ್ನು ನಂಬಿ ನಡೆಯುತ್ತದೆ. ಮೊದಲ ಕೆಲಸ ಎಡವಿದರೂ ತನ್ನ ಹೊತ್ತು ಬಂದ ಕೂಡಲೇ ಎರಡನೆಯದು ಹೊರಟುಬಿಡುತ್ತದೆ, ಹೀಗಾಗಿ ಒಂದಕ್ಕೊಂದು ಸರಪಳಿಯಾಗಿರುವ ರಾತ್ರಿ ಕೆಲಸಗಳಿರುವ ಸಂಸ್ಥೆಗಳು ಇದಕ್ಕೆ ಬೇರೊಂದು ಸಾಧನದ ನೆರವು ಪಡೆಯುವುದೇ ಲೇಸು.

ಭದ್ರತೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ವರ್ಷನ್ನಿನ ಮೇಲೆಯೇ ಭದ್ರತೆಯ ಮಟ್ಟವನ್ನು ಇಡಬಹುದು. ಸೊನ್ನೆ ಎಂದರೆ ಯಾರು ಬೇಕಾದರೂ ತಿದ್ದಬಹುದು, 3 ಎಂದರೆ ಕೊನೆಯದಾಗಿ ತಿದ್ದಿದವರಿಗೆ ಮಾತ್ರ. ನಿಜವಾದ ವ್ಯವಹಾರ ನಡೆಯುವ ಪ್ರೊಡಕ್ಷನ್‌ನಲ್ಲಿ ಸೊನ್ನೆ ಇಟ್ಟುಕೊಂಡವರು ತಾವೇ ಜವಾಬ್ದಾರರು.

ಕೊನೆಯದಾಗಿ, ನಾನು ಆರಂಭದಲ್ಲಿ ಹೇಳಿದ ‘ಯಾತಕ್ಕಾಗಿ’ ಎಂಬ ಪ್ರಶ್ನೆಗೆ ಈ ತಂತ್ರಾಂಶದಲ್ಲಿ ಸಿಗುವ ಅರೆ ಉತ್ತರದ ಬಗ್ಗೆ. ವರ್ಷನ್ ಡೀಟೇಲ್ ಪರದೆಯಲ್ಲಿ ಪ್ರಿಂಟ್ ಕವರ್ ಪೇಜ್ ಎಂಬ ಸಣ್ಣ ಗುರುತು ಪೆಟ್ಟಿಗೆಯಿದೆ. ಅದನ್ನು ಆರಿಸಿದರೆ ಆ ಓಟಕ್ಕೆ ಬಳಸಿದ ಆಯ್ಕೆಗಳು ಮತ್ತು ಆಪ್ಷನ್‌ಗಳು ವರದಿಯ ಮುಖಪುಟದಲ್ಲಿಯೇ ಅಚ್ಚಾಗುತ್ತವೆ. ಹೆಚ್ಚಿನವರು ಕಾಗದ ಉಳಿಸುವ ನೆಪದಲ್ಲಿ ಇದನ್ನು ಮುಟ್ಟುವುದಿಲ್ಲ. ನಾನು ನೋಡಿಕೊಳ್ಳುವ ಪ್ರತಿಯೊಂದು ಫೈನಲ್ ವರ್ಷನ್ನಿನಲ್ಲಿಯೂ ಅದಕ್ಕೆ ಗುರುತು ಹಾಕಿದ್ದೇನೆ, ಶೀರ್ಷಿಕೆಯಲ್ಲಿ ಕೇಳಿದ ವಿಭಾಗದ ಹೆಸರನ್ನೂ ಮಾಡಿದ ತಿಂಗಳನ್ನೂ ಸೇರಿಸುತ್ತೇನೆ. ಲೆಕ್ಕ ಪರಿಶೋಧಕರು ಮೂರು ವರ್ಷದ ಹಿಂದಿನ ಪಿಡಿಎಫ್ ಹಿಡಿದು ಈ ಮೊತ್ತ ಎಲ್ಲಿಂದ ಬಂತೆಂದು ಕೇಳಿದಾಗ ನಾನು ಅವರಿಗೆ ಮೊದಲು ತಿರುವಿ ತೋರಿಸುವುದು ಆ ಮುಖಪುಟವನ್ನೇ.